ಹಳೇ ಮಿನಿಗೆ ಕಾಯಿಲ್‌ಓವರ್: ಸ್ಪ್ರಿಂಗ್ ಬದಲಾದರೆ ಕಾರಿನ ಭಾರ ಎಲ್ಲಿ ಕೂರುತ್ತದೆ?

ಹಳೇ ಮಿನಿ ಕಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ: ಮುಂದಿನ ರಬ್ಬರ್ ಸಸ್ಪೆನ್ಷನ್ ಕಿತ್ತು ಹಾಕಿ ಕಾಯಿಲ್‌ಓವರ್ ಹಾಕಬಹುದಾ? ಹಾಕಬಹುದು. ಕಿಟ್ ಸಿಗುತ್ತದೆ. ಡಬ್ಬಿ ಬಿಚ್ಚಿದರೆ ಸ್ಪ್ರಿಂಗ್ ಸುತ್ತಿದ ಎರಡು ಶಾಕ್ ಅಬ್ಸಾರ್ಬರ್, ಎರಡು ಬ್ರಾಕೆಟ್, ಒಂದಷ್ಟು ಬೋಲ್ಟು. ಹಳೇ ಶಾಕ್ ಇದ್ದ ಜಾಗಕ್ಕೇ ಅವು ಸರಿಯಾಗಿ ಕೂರುತ್ತವೆ. ನೋಡಿದರೆ ಒಂದು ಭಾನುವಾರದ ಕೆಲಸ.

ಆದರೆ ಕೂರುತ್ತದೆ ಅನ್ನುವುದೂ ತಡೆಯುತ್ತದೆ ಅನ್ನುವುದೂ ಬೇರೆ ಬೇರೆ. ಸ್ಪ್ರಿಂಗನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಸಿದರೆ, ಕಾರಿನ ಭಾರ ಹೊರುವ ತಗಡೂ ಬದಲಾಗುತ್ತದೆ. ಕಾರು ಎಷ್ಟು ಕೆಳಗೆ ಕೂತಿತು, ಎಷ್ಟು ಮೆತ್ತಗೆ ಓಡಿತು ಅನ್ನುವುದೆಲ್ಲ ಆಮೇಲಿನ ಮಾತು. ಮೊದಲು ಭಾರದ ದಾರಿ ಗೊತ್ತಾಗಬೇಕು. ಅದೊಂದು ಅರ್ಥವಾದರೆ ಯಾವ ಕಿಟ್ ತೆಗೆದುಕೊಳ್ಳಬೇಕು, ಯಾವುದು ಬೇಡ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ರಬ್ಬರ್ ಯಾಕೆ ಬಂತು

ಮಿನಿ ಮಾರುಕಟ್ಟೆಗೆ ಬಂದದ್ದು 1959ರ ಆಗಸ್ಟಿನಲ್ಲಿ, ಇಂಗ್ಲೆಂಡಿನಲ್ಲಿ. 1956ರ ಸೂಯೆಜ್ ಗಲಾಟೆಯಲ್ಲಿ ಅಲ್ಲಿ ಪೆಟ್ರೋಲಿಗೆ ರೇಷನ್ ಬಂದಿತ್ತು. ಕಡಿಮೆ ಕುಡಿಯುವ, ನಾಲ್ಕು ಜನ ಕೂರುವ ಪುಟ್ಟ ಕಾರು ಬೇಕಾಗಿತ್ತು. ಅಲೆಕ್ ಇಸಿಗೋನಿಸ್ ಅದನ್ನು ಬರೀ 10 ಅಡಿ ಉದ್ದದಲ್ಲಿ ಮಾಡಿ ತೋರಿಸಿದರು. ಎಂಜಿನ್ ಅಡ್ಡಲಾಗಿ ಕೂತಿತು, ಗೇರ್‌ಬಾಕ್ಸ್ ಅದರ ಕೆಳಗೆ ಹೋಯಿತು, ಚಕ್ರ 10 ಇಂಚಿಗೆ ಇಳಿಯಿತು. ಇಷ್ಟೆಲ್ಲ ಆದ ಮೇಲೆ ಸ್ಪ್ರಿಂಗಿಗೆ ಜಾಗವೇ ಉಳಿಯಲಿಲ್ಲ.

ಅದಕ್ಕೆ ಉತ್ತರ ಕೊಟ್ಟವರು ಅಲೆಕ್ಸ್ ಮೌಲ್ಟನ್. ಬ್ರಾಡ್‌ಫರ್ಡ್-ಆನ್-ಏವನ್ ಊರಿನವರು, ರಬ್ಬರ್ ಉದ್ಯಮದ ಮನೆತನ. ಮುಂದೆ 1962ರಲ್ಲಿ ಪುಟ್ಟ ಚಕ್ರದ ಸೈಕಲ್ಲಿಗೂ ರಬ್ಬರ್ ಸಸ್ಪೆನ್ಷನ್ ಹಾಕಿದವರು ಇವರೇ. ಮಿನಿಗೆ ಅವರು ಕೊಟ್ಟದ್ದು ಕೋನ್ ಆಕಾರದ ರಬ್ಬರ್ ಗಟ್ಟಿ. ಕೈಗೆ ತಗೊಂಡರೆ ಎರಡು ಕಬ್ಬಿಣದ ಭಾಗಗಳ ನಡುವೆ ದಪ್ಪ ರಬ್ಬರ್ ಅಂಟಿಸಿದ ಒಂದು ಗುಂಡುಗಟ್ಟಿ, ಅಷ್ಟೇ. ಸುರುಳಿ ಇಲ್ಲ, ಪಟ್ಟಿ ಇಲ್ಲ. ಅದರ ಕೆಳಗೆ ಅಲ್ಯೂಮಿನಿಯಮ್ಮಿನ ಒಂದು ಕೊಳವೆ. ತುತ್ತೂರಿಯ ಆಕಾರ ಇರುವುದರಿಂದ ಅದನ್ನು ಟ್ರಂಪೆಟ್ ಅಂತಲೇ ಕರೆಯುತ್ತಾರೆ. ಟ್ರಂಪೆಟ್ಟಿನ ತುದಿಯಲ್ಲಿ ಒಂದು ಗುಂಡು, ಅದು ಮೇಲಿನ ಆರ್ಮಿನಲ್ಲಿರುವ, ಅಂದರೆ ಚಕ್ರವನ್ನು ಕಾರಿಗೆ ಹಿಡಿದಿರುವ ತೋಳಿನಲ್ಲಿರುವ, ಬಟ್ಟಲಿನೊಳಗೆ ಕೂರುತ್ತದೆ. ಚಕ್ರ ಮೇಲೆದ್ದರೆ ಆರ್ಮ್ ಟ್ರಂಪೆಟ್ಟನ್ನು ತಳ್ಳುತ್ತದೆ, ಟ್ರಂಪೆಟ್ ರಬ್ಬರನ್ನು ಒತ್ತುತ್ತದೆ.

ಜಾಗ ಉಳಿಸಿದ್ದೊಂದೇ ಅಲ್ಲ, ರಬ್ಬರಿಗೆ ಇನ್ನೊಂದು ಗುಣ ಇದೆ. ಒತ್ತಿದಷ್ಟೂ ಅದು ಗಡಸಾಗುತ್ತಾ ಹೋಗುತ್ತದೆ. ಇದು ಚಿಕ್ಕ ಕಾರಿಗೆ ತುಂಬಾ ಮುಖ್ಯ. ಮಿನಿಯ ತೂಕ ಸುಮಾರು 600 ಕೆಜಿ. ನಾಲ್ಕು ಜನ, ಅವರ ಲಗೇಜು ಸೇರಿದರೆ 300 ಕೆಜಿ ಹತ್ತಿರ ಬಂತು. ಅಂದರೆ ಖಾಲಿ ಕಾರಿನ ಅರ್ಧದಷ್ಟು ತೂಕ ಮೇಲೇರಿತು. ಒಬ್ಬರೇ ಓಡಿಸುವಾಗ ಮೆತ್ತಗಿರಬೇಕು, ತುಂಬಿದಾಗ ನೆಲಕ್ಕೆ ತಾಗಬಾರದು. ಮಾಮೂಲಿ ಕಬ್ಬಿಣದ ಸುರುಳಿ ಸ್ಪ್ರಿಂಗ್ ಎರಡನ್ನೂ ಒಟ್ಟಿಗೆ ಕೊಡುವುದು ಕಷ್ಟ. ರಬ್ಬರ್ ಕೊಡುತ್ತದೆ.

ತಿರುವಿನಲ್ಲೂ ಅಷ್ಟೇ. ಬಹುಪಾಲು ಮಿನಿಗಳಲ್ಲಿ ಆಂಟಿ-ರೋಲ್ ಬಾರ್, ಅಂದರೆ ಕಾರು ವಾಲುವುದನ್ನು ತಡೆಯುವ ಸರಳು, ಇರಲಿಲ್ಲ. ಕಾರು ವಾಲುವಾಗ ಹೊರಬದಿಯ ರಬ್ಬರ್ ಒತ್ತಿಕೊಂಡು ತಾನೇ ಗಡಸಾಗಿ ಕಾರನ್ನು ತಡೆಯುತ್ತಿತ್ತು. ಮಿನಿ ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ ಅಂತ ಹೆಸರಾದದ್ದರಲ್ಲಿ ಈ ರಬ್ಬರಿನ ಪಾಲು ದೊಡ್ಡದು. ಪ್ಯಾಡಿ ಹಾಪ್‌ಕರ್ಕ್ 1964ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದ ಮಿನಿ ಕೂಪರ್ ಎಸ್ ಓಡಿದ್ದು ರಬ್ಬರ್ ಕೋನಿನ ಮೇಲೆಯೇ.

ಹಾಗಾದರೆ ಜನ ಯಾಕೆ ಬದಲಿಸುತ್ತಾರೆ? ರಬ್ಬರ್ ಮುದಿಯಾಗುತ್ತದೆ. ವರ್ಷಗಟ್ಟಲೆ ಭಾರ ಹೊತ್ತು ಹೊತ್ತು ಕುಸಿಯುತ್ತದೆ, ಒಣಗಿ ಗಟ್ಟಿಯಾಗುತ್ತದೆ. ಕಾರಿನ ಮೂತಿ ಕೆಳಗಿಳಿಯುತ್ತದೆ, ಪ್ರತಿ ಗುಂಡಿಯೂ ಸೀದಾ ಬೆನ್ನುಮೂಳೆಗೆ ಬಡಿಯುತ್ತದೆ. ಇಂಥ ಕಾರು ಓಡಿಸಿದವರು ಮಿನಿ ಅಂದರೇ ಹೀಗೆ ಅಂದುಕೊಂಡು ಬಿಡುತ್ತಾರೆ. ಹೊಸ ಕೋನ್ ಹಾಕಿದ ಮಿನಿಯಲ್ಲಿ ಒಮ್ಮೆ ಕೂತು ನೋಡಬೇಕು, ಆ ಅಭಿಪ್ರಾಯ ಅಲ್ಲೇ ಬದಲಾಗುತ್ತದೆ.

ಒಂದಕ್ಕೆ ಮೂರು

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಬರೀ ಗುಣಾಕಾರ.

ಬಾಗಿಲು ತಳ್ಳುವುದನ್ನು ನೆನಪು ಮಾಡಿಕೊಳ್ಳಿ. ಹಿಡಿಯ ಹತ್ತಿರ ತಳ್ಳಿದರೆ ಬೆರಳು ಸಾಕು. ಕೀಲಿನ ಹತ್ತಿರ ತಳ್ಳಿದರೆ ಮೈಭಾರ ಹಾಕಬೇಕು. ಮಿನಿಯ ಮೇಲಿನ ಆರ್ಮ್ ಮಲಗಿಸಿದ ಬಾಗಿಲು ಅಂದುಕೊಳ್ಳಿ. ಒಳತುದಿಯಲ್ಲಿ ಕೀಲು, ಹೊರತುದಿಯಲ್ಲಿ ಚಕ್ರ. ರಬ್ಬರ್ ಕೋನ್ ಒತ್ತುವುದು ಕೀಲಿನ ಹತ್ತಿರ. ಮುಂದಿನ ಚಕ್ರ 3 ಮಿಲಿಮೀಟರ್ ಎದ್ದರೆ ಕೋನ್ ಒತ್ತಿಕೊಳ್ಳುವುದು ಸುಮಾರು 1 ಮಿಲಿಮೀಟರ್. ಹಿಂದಿನ ಚಕ್ರದಲ್ಲಿ ಇದು ಸುಮಾರು 5ಕ್ಕೆ 1.

ಚಲನೆ ಮೂರರಲ್ಲಿ ಒಂದು ಪಾಲು ಆದರೆ ಬಲ ಮೂರು ಪಟ್ಟು. ಒಂದು ಮುಂದಿನ ಚಕ್ರದ ಮೇಲೆ 170 ಕೆಜಿ ಕೂತಿದೆ ಅಂತಿಟ್ಟುಕೊಳ್ಳಿ. ಕೋನ್ ಹೊರಬೇಕಾದ್ದು 510 ಕೆಜಿ. ಸುಮ್ನೆ ನಿಂತಿರುವಾಗಲೇ ಅರ್ಧ ಟನ್ನಿಗಿಂತ ಜಾಸ್ತಿ. ಅದಕ್ಕೇ ಆ ರಬ್ಬರ್ ಅಷ್ಟು ದಪ್ಪ.

ಇಷ್ಟು ದೊಡ್ಡ ಬಲ ಎಲ್ಲಿಗೆ ಹೋಗುತ್ತದೆ? ಮಿನಿಯ ಮುಂಭಾಗದಲ್ಲಿ ದಪ್ಪ ತಗಡಿನ ಒಂದು ಸಬ್‌ಫ್ರೇಮ್ ಇದೆ. ಎಂಜಿನ್, ಆರ್ಮುಗಳು ಎಲ್ಲ ಅದಕ್ಕೇ ಸೇರಿಕೊಂಡಿವೆ. ಅದರ ಎರಡು ಬದಿಯಲ್ಲೂ ಗೋಪುರದ ಹಾಗೆ ಎದ್ದಿರುವ ಭಾಗ ಉಂಟು. ಕೋನಿನ ತಲೆ ಆನಿಕೊಳ್ಳುವುದು ಆ ಗೋಪುರದ ಒಳಗೆ. ಆರ್ಮಿನ ಕೀಲು ಇರುವುದೂ ಅದೇ ಸಬ್‌ಫ್ರೇಮಿನಲ್ಲಿ.

ಈಗ ಬಲಗಳನ್ನು ಕೂಡಿ ಕಳೆಯಿರಿ. ಕೋನ್ ಗೋಪುರವನ್ನು 510 ಕೆಜಿಯಷ್ಟು ಮೇಲಕ್ಕೆ ತಳ್ಳುತ್ತದೆ. ಕೀಲು ಅದೇ ಸಬ್‌ಫ್ರೇಮನ್ನು 340 ಕೆಜಿಯಷ್ಟು ಕೆಳಕ್ಕೆ ಎಳೆಯುತ್ತದೆ. ಉಳಿದದ್ದು 170. ಅಂದರೆ ದೊಡ್ಡ ದೊಡ್ಡ ಬಲಗಳೆಲ್ಲ ಸಬ್‌ಫ್ರೇಮಿನೊಳಗೇ ಒಂದನ್ನೊಂದು ಹೊಡೆದು ಹಾಕಿಬಿಡುತ್ತವೆ. ಕಾರಿನ ಬಾಡಿ ತಗಡಿಗೆ ಅವು ಗೊತ್ತೇ ಆಗುವುದಿಲ್ಲ. ಎಂಜಿನ್ ಭಾರ ಕೂಡ ಸಬ್‌ಫ್ರೇಮಿನಿಂದ ಆರ್ಮಿಗೆ, ಆರ್ಮಿನಿಂದ ಚಕ್ರಕ್ಕೆ ಹೋಗುತ್ತದೆ. ಬಾಡಿಯನ್ನು ಮುಟ್ಟುವುದೇ ಇಲ್ಲ. ತೆಳು ತಗಡಿನ ಪುಟ್ಟ ಬಾಡಿಯನ್ನು ಅರವತ್ತು ವರ್ಷ ಉಳಿಸಿದ ಜಾಣತನ ಇದು. ನನಗೆ ಇಡೀ ಮಿನಿಯಲ್ಲಿ ಬಹಳ ಇಷ್ಟವಾಗುವ ವಿಷಯವೂ ಇದೇ.

ಕಾಯಿಲ್‌ಓವರ್ ಹಾಕಿದಾಗ

ಕಾಯಿಲ್‌ಓವರ್ ಅಂದರೆ ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗ್ ಕೂರಿಸಿದ ಒಂದೇ ಜೋಡಣೆ. ಶಾಕಿನ ಮೈಮೇಲೆ ಥ್ರೆಡ್ ಇರುತ್ತದೆ, ಅದರಲ್ಲಿ ತಿರುಗುವ ಒಂದು ರಿಂಗು ಸ್ಪ್ರಿಂಗಿನ ಕೆಳತುದಿಯನ್ನು ಹಿಡಿದಿರುತ್ತದೆ. ರಿಂಗ್ ತಿರುಗಿಸಿದರೆ ಕಾರಿನ ಎತ್ತರ ಬದಲಾಗುತ್ತದೆ.

ಮಿನಿಯಲ್ಲಿ ಇದು ಕೂರುವುದು ಮೂಲ ಶಾಕ್ ಇದ್ದ ಜಾಗದಲ್ಲಿ. ಶಾಕಿನ ಕೆಳತುದಿ ಮೇಲಿನ ಆರ್ಮಿನ ಒಂದು ಪಿನ್ನಿಗೆ, ಮೇಲ್ತುದಿ ಒಂದು ಚಿಕ್ಕ ಬ್ರಾಕೆಟ್ಟಿನ ಪಿನ್ನಿಗೆ. ಆ ಬ್ರಾಕೆಟ್ ಬೋಲ್ಟ್ ಆಗಿರುವುದು ಚಕ್ರದ ಗೂಡಿನ ಒಳಗೋಡೆಗೆ. ಅಂದರೆ ಸಬ್‌ಫ್ರೇಮಿಗಲ್ಲ, ಬಾಡಿಯ ತೆಳು ತಗಡಿಗೆ.

ಮೂಲ ಕಾರಿನಲ್ಲಿ ಅದು ಸಾಕಾಗಿತ್ತು. ಯಾಕೆಂದರೆ ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಕಾರು ನಿಂತಿದ್ದರೆ ಎಣ್ಣೆಯ ಶಾಕಿನಲ್ಲಿ ಬಲ ಹೆಚ್ಚುಕಮ್ಮಿ ಸೊನ್ನೆ. ಚಕ್ರ ಅಲುಗಿದಾಗ ಮಾತ್ರ, ಆ ಕ್ಷಣಕ್ಕೆ ಮಾತ್ರ, ಅದು ಎಳೆಯುತ್ತದೆ ಇಲ್ಲವೇ ತಳ್ಳುತ್ತದೆ. ಕಾಯಿಲ್‌ಓವರ್ ಬಂದ ದಿನದಿಂದ ಅದೇ ಬ್ರಾಕೆಟ್ ಹಗಲೂ ರಾತ್ರಿ ಕಾರನ್ನು ಹೊತ್ತು ನಿಲ್ಲಬೇಕು.

ಎಷ್ಟು ಹೊರಬೇಕು? ಶಾಕಿನ ಪಿನ್ ಕೀಲಿನಿಂದ ದೂರ, ಚಕ್ರಕ್ಕೆ ಹತ್ತಿರ ಇದೆ. ಚಕ್ರ 3 ಮಿಲಿಮೀಟರ್ ಎದ್ದರೆ ಅದು 2 ಮಿಲಿಮೀಟರ್ ಏಳುತ್ತದೆ ಅಂತ ಉದಾಹರಣೆಗೆ ಹಿಡಿಯೋಣ. ಆಗ 170 ಕೆಜಿಗೆ ಕಾಯಿಲ್‌ಓವರಿನಲ್ಲಿ 255 ಕೆಜಿ. ಗುಂಡಿಗೆ ಬಿದ್ದಾಗ ಭಾರ ಎರಡು ಪಟ್ಟಾದರೆ 510. ಕೋನಿಗೆ ಹೋಲಿಸಿದರೆ ಕಡಿಮೆಯೇ, ಅಲ್ವಾ? ಹೌದು. ಆದರೆ ಕೋನಿನ ಬಲವನ್ನು ಹೊತ್ತದ್ದು ದಪ್ಪ ಗೋಪುರ. ಇದನ್ನು ಹೊರುವುದು ಒಳಗೋಡೆಯ ತಗಡು, ಅದರಲ್ಲಿನ ಕೆಲವೇ ಬೋಲ್ಟು.

ಪಿನ್ನಿನದ್ದೂ ಒಂದು ಕಥೆ. ಮೇಲಿನದು, ಕೆಳಗಿನದು, ಎರಡೂ ಒಂದೇ ಕಡೆ ಹಿಡಿತ ಇರುವ ಪಿನ್ನುಗಳು. ಗೋಡೆಗೆ ಹೊಡೆದ ಮೊಳೆಯ ಹಾಗೆ ಹೊರಗೆ ಚಾಚಿಕೊಂಡಿರುತ್ತವೆ, ಆ ಕಡೆಯ ತುದಿಗೆ ಆಸರೆ ಇಲ್ಲ. ಶಾಕಿನ ಕಣ್ಣು ಅದರ ಮೇಲೆ ತೂಗುತ್ತದೆ. ಭಾರ ಬಿದ್ದಾಗ ಪಿನ್ ಬುಡದಲ್ಲಿ ಬಾಗಲು ನೋಡುತ್ತದೆ. ಪ್ರತಿ ಗುಂಡಿಗೂ ಅಷ್ಟಷ್ಟೇ ಬಾಗಿ ಬಾಗಿ ಬುಡದಲ್ಲಿ ಬಿರುಕು ಶುರುವಾಗುತ್ತದೆ. ಒಳ್ಳೇ ಕಿಟ್ಟಿನಲ್ಲಿ ದಪ್ಪ ಪಿನ್ ಇರುತ್ತದೆ, ಇಲ್ಲವೇ ಎರಡೂ ಬದಿಯಿಂದ ಹಿಡಿಯುವ ಬ್ರಾಕೆಟ್ ಇರುತ್ತದೆ. ಬರೀ ಕಾಯಿಲ್‌ಓವರ್ ಕೊಟ್ಟು ಹಳೇ ಪಿನ್ನು, ಹಳೇ ಬ್ರಾಕೆಟ್ ಇಟ್ಟುಕೊಳ್ಳಿ ಅನ್ನುವ ಕಿಟ್ಟನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಕೋನ್ ತೆಗೆದ ಮೇಲೆ ಗೋಪುರವನ್ನು ಮೇಲಕ್ಕೆ ತಳ್ಳುವವರು ಯಾರೂ ಇಲ್ಲ. ಈಗ ಕೀಲು ಸಬ್‌ಫ್ರೇಮನ್ನು 85 ಕೆಜಿಯಷ್ಟು ಕೆಳಕ್ಕೇ ಒತ್ತುತ್ತದೆ. ಜೊತೆಗೆ ಎಂಜಿನ್, ಗೇರ್‌ಬಾಕ್ಸಿನ ಭಾರವೂ ಸಬ್‌ಫ್ರೇಮಿನ ಮೇಲೇ ಇದೆ. ಇದೆಲ್ಲ ಈಗ ಬಾಡಿ ತಗಡಿಗೆ ನೇತು ಬಿತ್ತು. ಸಬ್‌ಫ್ರೇಮಿನ ಗೋಪುರವನ್ನು ಬಾಡಿಗೆ ಕಟ್ಟಿರುವ ಮೇಲಿನ ಬೋಲ್ಟುಗಳು ಮೊದಲು ಎರಡನ್ನೂ ಒತ್ತಿ ಹಿಡಿದಿದ್ದವು, ಈಗ ಜಗ್ಗಿ ಹಿಡಿಯಬೇಕು. ಎಂಜಿನ್ ಭಾರ ಬೋಲ್ಟಿನ ಮೂಲಕ ಬಾಡಿಗೆ ಹತ್ತಿ, ಒಳಗೋಡೆ ಸುತ್ತಿ, ಬ್ರಾಕೆಟ್ಟಿಗೆ ಬಂದು, ಆಮೇಲೆ ಚಕ್ರಕ್ಕೆ ಇಳಿಯುತ್ತದೆ. 1976ರಿಂದ ಆಚೆಗಿನ ಮಿನಿಗಳಲ್ಲಿ ಸಬ್‌ಫ್ರೇಮಿಗೂ ಬಾಡಿಗೂ ನಡುವೆ ರಬ್ಬರ್ ಬುಷ್ ಬಂತು, ಕಾರಿನೊಳಗೆ ಸದ್ದು ಕಡಿಮೆಯಾಗಲಿ ಅಂತ. ಅಂಥ ಕಾರಿನಲ್ಲಿ ಈ ಬುಷ್ ಕೂಡ ಹೊಸ ದಿಕ್ಕಿನ ಭಾರ ತಡೆಯಬೇಕು. ಸವೆದಿದ್ದರೆ ಸಬ್‌ಫ್ರೇಮ್ ಅಲುಗಾಡುತ್ತದೆ, ಸ್ಟೀರಿಂಗ್ ಹಿಡಿದವರಿಗೆ ಕಾರು ಎತ್ತಲೋ ಹೋದ ಹಾಗೆ ಅನಿಸುತ್ತದೆ.

ಮಾರುತಿ 800ರಲ್ಲೂ ಶಾಕಿನ ಸುತ್ತ ಸ್ಪ್ರಿಂಗ್ ಇದೆಯಲ್ಲ, ಅದಕ್ಕೇನೂ ಆಗುವುದಿಲ್ಲವಲ್ಲ ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಆ ಕಾರಿನ ಬಾನೆಟ್ ಎತ್ತಿ ಎರಡು ಬದಿ ನೋಡಿ. ಸ್ಟ್ರಟ್ಟಿನ (ಸ್ಪ್ರಿಂಗ್ ಸುತ್ತಿದ ಆ ಶಾಕಿನ) ತಲೆ ಕೂರುವ ಕಡೆ ತಗಡು ಗುಮ್ಮಟದ ಹಾಗೆ ಉಬ್ಬಿದೆ, ಸುತ್ತಲೂ ವೆಲ್ಡಿಂಗ್ ಇದೆ, ಕೆಳಗಿನ ಉದ್ದನೆಯ ಪೆಟ್ಟಿಗೆ ತೊಲೆಗೆ ಅದು ಸೇರಿಕೊಂಡಿದೆ. ಭಾರ ಅಲ್ಲಿಗೇ ಬರುತ್ತದೆ ಅಂತ ಲೆಕ್ಕ ಹಾಕಿಯೇ ಬಾಡಿ ಕಟ್ಟಿದ್ದಾರೆ. ಮಿನಿಯ ಒಳಗೋಡೆಯಲ್ಲಿ ಅಂಥದ್ದೇನೂ ಇಲ್ಲ, ಬೇಕಾಗಿರಲೂ ಇಲ್ಲ. ಇನ್ನೊಂದು ವ್ಯತ್ಯಾಸ: ಮಾರುತಿಯ ಸ್ಟ್ರಟ್ ಚಕ್ರವನ್ನು ನೆಟ್ಟಗೆ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಮಿನಿಯಲ್ಲಿ ಆ ಕೆಲಸ ಎರಡು ಆರ್ಮುಗಳದ್ದು, ಕಾಯಿಲ್‌ಓವರ್ ಬರೀ ಭಾರ ಹೊರುತ್ತದೆ.

ಹಾಗಾದರೆ ಯಾವ ದಾರಿ?

ರಸ್ತೆಯಲ್ಲಿ ಓಡಿಸುವ ಕಾರಿಗೆ ನನ್ನ ಮೊದಲ ಮಾತು: ಹೊಸ ಕೋನ್ ಹಾಕಿ. ಜೊತೆಗೆ ಟ್ರಂಪೆಟ್ ತುದಿಯ ಗುಂಡು, ಬಟ್ಟಲು ಎರಡನ್ನೂ ಹೊಸದು ಮಾಡಿ. ಎತ್ತರ ಹೊಂದಿಸಬೇಕು ಅಂದರೆ ಉದ್ದ ಬದಲಿಸಬಹುದಾದ ಟ್ರಂಪೆಟ್ ಸಿಗುತ್ತದೆ. ಅದರ ಥ್ರೆಡ್ಡನ್ನು 1 ಮಿಲಿಮೀಟರ್ ತಿರುಗಿಸಿದರೆ ಚಕ್ರದ ಹತ್ತಿರ ಸುಮಾರು 3 ಮಿಲಿಮೀಟರ್ ಬದಲಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಹೊಸ ರಬ್ಬರ್ ಮೊದಲ ಕೆಲವು ತಿಂಗಳು ಕುಸಿಯುತ್ತದೆ. ಅದು ಒಂದು ಮಟ್ಟಕ್ಕೆ ನಿಂತ ಮೇಲೆ ಮತ್ತೆ ಎತ್ತರ ಸರಿ ಮಾಡಿಕೊಂಡರೆ ಸಾಕು.

ಎರಡನೆಯದು, ಕೋನ್ ಇದ್ದ ಜಾಗಕ್ಕೇ ಗಿಡ್ಡ ದಪ್ಪ ಕಬ್ಬಿಣದ ಸ್ಪ್ರಿಂಗ್ ಕೂರಿಸುವುದು. ಇದನ್ನೂ ಕೆಲವರು ಕಾಯಿಲ್‌ಓವರ್ ಅಂತಲೇ ಕರೆದು ಗೊಂದಲ ಮಾಡುತ್ತಾರೆ. ಇದು ಅದಲ್ಲ. ಇಲ್ಲಿ ಭಾರ ಇನ್ನೂ ಗೋಪುರಕ್ಕೇ ಹೋಗುತ್ತದೆ, ಸಬ್‌ಫ್ರೇಮ್ ತನ್ನ ಕೆಲಸ ತಾನು ಮಾಡುತ್ತದೆ. ಮೆತ್ತನೆಯ ಓಟ ಬೇಕಾದವರಿಗೆ ಇದು ಒಳ್ಳೆಯ ದಾರಿ. ತಿರುವಿನಲ್ಲಿ ವಾಲುವುದು ಸ್ವಲ್ಪ ಜಾಸ್ತಿಯಾಗುತ್ತದೆ, ಯಾಕೆ ಅಂತ ಈಗಾಗಲೇ ಗೊತ್ತಲ್ಲ.

ಮೂರನೆಯದು ನಿಜವಾದ ಕಾಯಿಲ್‌ಓವರ್. ಇದಕ್ಕೂ ಸರಿಯಾದ ಜಾಗ ಇದೆ. ರೇಸ್ ಕಾರು, ಬೇರೆ ಎಂಜಿನ್ ಕೂರಿಸಿದ ಕಾರು, ಪ್ರತಿ ಟ್ರ್ಯಾಕಿಗೂ ಸ್ಪ್ರಿಂಗ್ ಬದಲಿಸಬೇಕಾದ ಕಾರು. ಕೋನ್ ಬದಲಿಸಲು ಅರ್ಧ ದಿನ ಹೋದರೆ ಕಾಯಿಲ್‌ಓವರಿನ ಸ್ಪ್ರಿಂಗ್ ಬದಲಿಸಲು ಅಷ್ಟು ಹೊತ್ತು ಬೇಡ. ಕೋನ್, ಟ್ರಂಪೆಟ್ ಹೋದ ಮೇಲೆ ಗೋಪುರದ ಹತ್ತಿರ ಜಾಗವೂ ಖಾಲಿಯಾಗುತ್ತದೆ. ಆದರೆ ಭಾರದ ಹೊಸ ದಾರಿಗೆ ತಕ್ಕ ಹಾಗೆ ಕಾರನ್ನು ಗಟ್ಟಿ ಮಾಡಬೇಕು. ಒಳಗೋಡೆಯ ಎರಡೂ ಬದಿಗೆ ಅಗಲವಾದ ಪ್ಲೇಟ್ ಕೊಟ್ಟು ಭಾರವನ್ನು ಹರಡಬೇಕು. ಬ್ರಾಕೆಟ್ಟಿನಿಂದ ಹಿಂದಿನ ಗಟ್ಟಿ ಭಾಗಕ್ಕೆ ಆನಿಕೆ ಕೊಡಬೇಕು. ಇದಕ್ಕಿಂತ ಒಳ್ಳೆಯದು ಪೈಪಿನಲ್ಲಿ ಕಟ್ಟಿದ ಮುಂದಿನ ಫ್ರೇಮ್. ಅದರಲ್ಲಿ ಕಾಯಿಲ್‌ಓವರಿನ ಮೇಲ್ತುದಿಯನ್ನು ಫ್ರೇಮಿಗೇ ಸೇರಿಸುತ್ತಾರೆ. ಆಗ ಕೀಲು, ಸ್ಪ್ರಿಂಗು, ಎಂಜಿನ್ ಎಲ್ಲ ಮತ್ತೆ ಒಂದೇ ಚೌಕಟ್ಟಿನೊಳಗೆ ಬಂದವು, ಬಾಡಿ ಮತ್ತೆ ಹಗುರಾಯಿತು. ದುಡ್ಡು ಜಾಸ್ತಿ, ಆದರೆ ಲೆಕ್ಕ ಸರಿ.

ಒಂದು ಎಚ್ಚರಿಕೆ. 1964ರ ಕೊನೆಯಿಂದ 1970ರ ಆಸುಪಾಸಿನವರೆಗಿನ ಹಲವು ಮಿನಿಗಳಲ್ಲಿ ರಬ್ಬರ್ ಕೋನ್ ಬದಲು ಹೈಡ್ರೊಲಾಸ್ಟಿಕ್ ಇತ್ತು, ಅಂದರೆ ಮುಂದಿನ ಹಿಂದಿನ ಚಕ್ರಗಳನ್ನು ದ್ರವದ ಪೈಪಿನಿಂದ ಜೋಡಿಸಿದ ಸಸ್ಪೆನ್ಷನ್. ಆ ಕಾರುಗಳಿಗೆ ಬೇರೆಯಾಗಿ ಶಾಕ್ ಅಬ್ಸಾರ್ಬರೇ ಇರಲಿಲ್ಲ, ಸಬ್‌ಫ್ರೇಮೂ ಬೇರೆ. ನಿಮ್ಮದು ಯಾವುದು ಅಂತ ನೋಡದೆ ಕಿಟ್ ತರಿಸಬೇಡಿ.

ಸ್ಪ್ರಿಂಗ್ ಎಷ್ಟು ಗಡಸಿರಬೇಕು

ಇಲ್ಲಿ ಬಹಳ ಜನ ಎಡವುತ್ತಾರೆ. ಸ್ಪ್ರಿಂಗಿನ ಮೇಲೆ ಬರೆದ ಅಂಕಿ ಚಕ್ರಕ್ಕೆ ಸಿಗುವ ಗಡಸುತನ ಅಲ್ಲ. ನಡುವೆ ಆರ್ಮ್ ಇದೆ. ಮೂರಕ್ಕೆ ಎರಡರ ಉದಾಹರಣೆಯಲ್ಲಿ ಬಲ ಒಂದೂವರೆ ಪಟ್ಟು, ಚಲನೆಯೂ ಅಷ್ಟೇ ಪಾಲು ಕಡಿಮೆ. ಎರಡೂ ಸೇರಿ ಲೆಕ್ಕ ವರ್ಗಕ್ಕೆ ಹೋಗುತ್ತದೆ. ಚಕ್ರದ ಹತ್ತಿರ ಪ್ರತಿ ಮಿಲಿಮೀಟರಿಗೆ 2 ಕೆಜಿ ಗಡಸು ಬೇಕಾದರೆ ಕಾಯಿಲ್‌ಓವರಿಗೆ 2 × 1.5 × 1.5, ಅಂದರೆ 4.5 ಕೆಜಿಯ ಸ್ಪ್ರಿಂಗ್ ಬೇಕು. ಅದೇ ಗಡಸು ಕೋನಿನ ಜಾಗದಲ್ಲಿ ಬೇಕಾದರೆ 2 × 3 × 3, ಬರೋಬ್ಬರಿ 18 ಕೆಜಿ. ಅದಕ್ಕೇ ಒಂದು ಜಾಗದ ಸ್ಪ್ರಿಂಗಿನ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಿ ಇದು ಮೆತ್ತಗೆ, ಅದು ಗಡಸು ಅನ್ನುವ ಮಾತಿಗೆ ಅರ್ಥ ಇಲ್ಲ. ನಿಮ್ಮ ಕಾರಿನ ಅನುಪಾತವನ್ನು ನೀವೇ ಅಳೆಯಬಹುದು. ಸ್ಪ್ರಿಂಗ್ ಇಲ್ಲದೆ ಶಾಕ್ ಮಾತ್ರ ಹಾಕಿ, ಜಾಕಿನಿಂದ ಚಕ್ರವನ್ನು 30 ಮಿಲಿಮೀಟರ್ ಎತ್ತಿ, ಶಾಕ್ ಎಷ್ಟು ಗಿಡ್ಡವಾಯಿತು ಅಂತ ಸ್ಕೇಲಿನಲ್ಲಿ ನೋಡಿ. ಲೆಕ್ಕಕ್ಕೆ ಒಂದು ಕಾಗದ ಸಾಕು.

ಇನ್ನೊಂದು ತಪ್ಪು ನಂಬಿಕೆ: ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಡಸಾಗುತ್ತದೆ ಅನ್ನುವುದು. ಆಗುವುದಿಲ್ಲ. ಸ್ಪ್ರಿಂಗಿನ ಮೇಲೆ ಇರುವುದು 255 ಕೆಜಿ. ಅದು ಪ್ರತಿ ಮಿಲಿಮೀಟರಿಗೆ 4.5 ಕೆಜಿಯ ಸ್ಪ್ರಿಂಗ್. ಹಾಗಾದರೆ ಅದು ಒತ್ತಿಕೊಳ್ಳುವುದು 57 ಮಿಲಿಮೀಟರ್. ರಿಂಗನ್ನು 10 ಮಿಲಿಮೀಟರ್ ಮೇಲಕ್ಕೆ ತಿರುಗಿಸಿ, ಆಗಲೂ ಅದು 57 ಮಿಲಿಮೀಟರೇ. ಕಾರಿನ ಭಾರವೇನೂ ಬದಲಾಗಲಿಲ್ಲವಲ್ಲ. ಬದಲಾದದ್ದು ಎತ್ತರ: ಕಾರು ಚಕ್ರದ ಹತ್ತಿರ 15 ಮಿಲಿಮೀಟರ್ ಮೇಲೆದ್ದಿತು. ಓಟ ಗಡಸಾಯಿತು ಅನಿಸಿದರೆ ಅದಕ್ಕೆ ಕಾರಣ ಬೇರೆ, ಚಕ್ರ ಕೆಳಗಿಳಿಯಲು ಉಳಿದ ಜಾಗ ಕಡಿಮೆಯಾಗಿರುತ್ತದೆ.

ಕೆಳಗಿಳಿಸುವ ಆಸೆಗೂ ಇದೇ ಲೆಕ್ಕ. ತೀರಾ ಇಳಿಸಿದರೆ ಶಾಕ್ ಒಳಗೆ ಚಲಿಸಲು ಜಾಗವೇ ಇರುವುದಿಲ್ಲ. ಸಣ್ಣ ಹಂಪಿಗೂ ಶಾಕ್ ತಳ ಮುಟ್ಟಿ, ಆ ಏಟು ಸೀದಾ ಬ್ರಾಕೆಟ್ಟಿಗೆ ಹೋಗುತ್ತದೆ. ಬಿರುಕು ಬಿಟ್ಟ ಒಳಗೋಡೆಗಳಲ್ಲಿ ಈ ಏಟಿನ ಪಾಲು ಸಣ್ಣದಲ್ಲ. ಕೊನೆಯ ತಡೆ ಕೊಡುವ ಕೆಲಸ ರಬ್ಬರ್ ಬಂಪ್ ಸ್ಟಾಪಿನದ್ದು, ಶಾಕಿನದ್ದಲ್ಲ. ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡಬಾರದು. ಬಿಡುತ್ತದೆ ಅಂತ ಕಂಡರೆ ಮುಖ್ಯ ಸ್ಪ್ರಿಂಗಿನ ಜೊತೆ ತೆಳ್ಳಗಿನ ಹೆಲ್ಪರ್ ಸ್ಪ್ರಿಂಗ್ ಹಾಕುತ್ತಾರೆ.

ರಬ್ಬರಿಗೂ ಕಬ್ಬಿಣಕ್ಕೂ ಇನ್ನೊಂದು ವ್ಯತ್ಯಾಸ ಇದೆ. ರಬ್ಬರ್ ಒತ್ತಿ ಬಿಟ್ಟಾಗ ಸ್ವಲ್ಪ ಶಕ್ತಿಯನ್ನು ತಾನೇ ನುಂಗಿಕೊಳ್ಳುತ್ತದೆ. ಕಬ್ಬಿಣ ಬಹುಮಟ್ಟಿಗೆ ಎಲ್ಲವನ್ನೂ ವಾಪಸ್ ಕೊಡುತ್ತದೆ. ಕುಣಿತ ನಿಲ್ಲಿಸುವ ಕೆಲಸವೆಲ್ಲ ಈಗ ಶಾಕಿನ ಮೇಲೆ. ಶಾಕಿನ ಗಡಸು ಹೊಂದಿಸುವ ನಾಬನ್ನು ಮೊದಲು ತೀರಾ ಮೆತ್ತಗೆ ಇಟ್ಟು, ಗೊತ್ತಿರುವ ಒಂದೇ ರಸ್ತೆಯಲ್ಲಿ ಓಡಿಸುತ್ತಾ, ಕುಣಿತ ನಿಲ್ಲುವವರೆಗೆ ಒಂದೊಂದೇ ಕ್ಲಿಕ್ ಏರಿಸಿ. ಹಿಂದೆ ರಬ್ಬರ್ ಹಾಗೇ ಉಳಿಸಿಕೊಂಡು ಮುಂದೆ ಮಾತ್ರ ತುಂಬಾ ಗಡಸು ಸ್ಪ್ರಿಂಗ್ ಹಾಕಿದರೆ, ಮುಂದಿನ ಚಕ್ರವೇ ಎಳೆಯುವ ಈ ಕಾರು ತಿರುವಿನಲ್ಲಿ ಮೂತಿ ತಿರುಗಿಸಲು ಸತಾಯಿಸುತ್ತದೆ.

ಕೈ ಹಾಕುವ ಮುಂಚೆ

ಕೋನ್ ಬಿಚ್ಚುವುದೇ ಅಪಾಯದ ಕೆಲಸ. ಅದರಲ್ಲಿ ಅರ್ಧ ಟನ್ನಿನ ಒತ್ತಡ ಕೂತಿದೆ. ಗೋಪುರದ ಮೇಲಿನ ತೂತಿನಿಂದ ಇಳಿಸಿ ಕೋನಿನ ನಡುವಿನ ಥ್ರೆಡ್ಡಿಗೆ ತಿರುಗಿಸುವ ಒಂದು ಟೂಲ್ ಇದೆ. ಅದರಿಂದ ರಬ್ಬರನ್ನು ಮೇಲಕ್ಕೆ ಎಳೆದು ಹಿಡಿದ ಮೇಲೆಯೇ ಟ್ರಂಪೆಟ್ ತೆಗೆಯಬೇಕು. ಟೂಲ್ ಇಲ್ಲದೆ ಕಬ್ಬಿಣದ ಸರಳಿನಿಂದ ಮೀಟುವ ಸಾಹಸ ಬೇಡವೇ ಬೇಡ. ಕಾರು ಸ್ಟ್ಯಾಂಡಿನ ಮೇಲೆ ಇರಬೇಕು, ಬರೀ ಜಾಕಿನ ಮೇಲಲ್ಲ. ಚಕ್ರ ಕೂರುವ ಹಬ್ ಭಾಗವನ್ನು ಬ್ರೇಕ್ ಹೋಸಿನಿಂದ ಜೋತು ಬಿಡಬಾರದು, ತಂತಿಯಲ್ಲಿ ಕಟ್ಟಿ.

ಆರ್ಮ್ ಕೈಗೆ ಬಂದಾಗ ಅದರ ಕೀಲಿನ ನೀಡಲ್ ಬೇರಿಂಗನ್ನು ನೋಡಿ. ಗ್ರೀಸ್ ಕಾಣದ ಕಾರುಗಳಲ್ಲಿ ಶಾಫ್ಟಿನ ಮೇಲೆ ಬೇರಿಂಗಿನ ಗೆರೆಗಳು ಕೊರೆದುಕೊಂಡಿರುತ್ತವೆ, ಉಗುರಿಗೆ ತಾಗುತ್ತವೆ. ಅಂಥದ್ದನ್ನು ಹಾಗೇ ಬಿಟ್ಟು ಎಷ್ಟು ದುಬಾರಿ ಕಾಯಿಲ್‌ಓವರ್ ಹಾಕಿದರೂ ಸ್ಟೀರಿಂಗ್ ಸರಿಯಾಗುವುದಿಲ್ಲ. ಒಳಗೋಡೆಯ ಬಣ್ಣ ಕೆರೆದು ತಗಡು ನೋಡಿ. ಬ್ರಾಕೆಟ್ ಕೂರುವ ಜಾಗದಲ್ಲಿ ತುಕ್ಕು ಇದ್ದರೆ ಮೊದಲು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ತುಕ್ಕಿನ ಮೇಲೆ ಪ್ಲೇಟ್ ಮುಚ್ಚುವುದು ಕೆಲಸ ಅಲ್ಲ.

ಎಲ್ಲ ಜೋಡಿಸಿದ ಮೇಲೆ, ಸ್ಪ್ರಿಂಗ್ ಹಾಕದೆ, ಚಕ್ರವನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಟೈರಿನ ಒಳಬದಿ ಸ್ಪ್ರಿಂಗ್ ಬರುವ ಜಾಗಕ್ಕೆ ತಾಗುತ್ತದಾ? ಬ್ರೇಕ್ ಹೋಸ್ ಬಿಗಿಯಾಗುತ್ತದಾ? ಶಾಕ್ ತೀರಾ ಉದ್ದವಾಗಿದ್ದರೆ ಚಕ್ರ ಜಾಸ್ತಿ ಇಳಿದು ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟಿಗೆ ಏಟಾಗುತ್ತದೆ. ಇದನ್ನು ಗ್ಯಾರೇಜಿನಲ್ಲೇ ಕಂಡುಕೊಳ್ಳಬೇಕು, ರಸ್ತೆಯಲ್ಲಲ್ಲ.

ಎತ್ತರ ಹೊಂದಿಸುವುದು ಮಟ್ಟಸ ನೆಲದ ಮೇಲೆ, ಡ್ರೈವರ್ ಸೀಟಿನಲ್ಲಿ ಓಡಿಸುವವರಷ್ಟೇ ತೂಕ ಇಟ್ಟು. ಒಂದು ಮೂಲೆ ಏರಿಸಿದರೆ ಅದರ ಕರ್ಣದ ಎದುರು ಮೂಲೆಗೂ ಭಾರ ಜಾಸ್ತಿಯಾಗುತ್ತದೆ, ಹಾಗಾಗಿ ಎಡ ಬಲ ಎರಡನ್ನೂ ನೋಡಿಕೊಂಡೇ ತಿರುಗಿಸಬೇಕು. ಆಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ, ಎತ್ತರ ಬದಲಾದರೆ ಚಕ್ರದ ಓರೆಯೂ ಬದಲಾಗಿರುತ್ತದೆ.

ಇಂಗ್ಲೆಂಡಿನಲ್ಲಿ ಇರುವವರು ಇನ್ಶೂರೆನ್ಸ್ ಕಂಪನಿಗೆ ಬದಲಾವಣೆ ಹೇಳಲೇಬೇಕು, ಇಲ್ಲದಿದ್ದರೆ ಅಪಘಾತದ ದಿನ ಕಷ್ಟ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. ಯಾವ ಹಳೇ ಕಾರಿಗಾದರೂ ಇಂಥ ಕೆಲಸ ಮಾಡಿಸುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ.

ಕೆಲಸ ಮುಗಿದು ಒಂದಷ್ಟು ದಿನ ಓಡಿಸಿದ ಮೇಲೆ ಮತ್ತೆ ಚಕ್ರ ಬಿಚ್ಚಿ. ಬ್ರಾಕೆಟ್ಟಿನ ಬೋಲ್ಟು, ಗೋಪುರದ ಬೋಲ್ಟು ಎರಡನ್ನೂ ಟಾರ್ಕ್ ರೆಂಚಿನಲ್ಲಿ ಪರೀಕ್ಷಿಸಿ. ಒಳಗೋಡೆಗೆ ತಿಳಿಬಣ್ಣ ಹೊಡೆದಿಟ್ಟಿದ್ದರೆ ಬಿರುಕು ಬೇಗ ಕಾಣುತ್ತದೆ. ಬ್ರಾಕೆಟ್ಟಿನ ಮೂಲೆಯಿಂದ ಕೂದಲೆಳೆಯಷ್ಟು ತೆಳ್ಳನೆ ಕಂದು ಗೆರೆ ಹೊರಟಿದ್ದರೆ ಅದು ಬಣ್ಣದ ಗೀರಲ್ಲ, ತಗಡು ಸೀಳುತ್ತಿದೆ ಅಂತ ಅರ್ಥ. ಅವತ್ತೇ ಓಡಿಸುವುದು ನಿಲ್ಲಿಸಿ, ಬ್ರಾಕೆಟ್ ಬಿಚ್ಚಿ, ಹಿಂದಿನ ಪ್ಲೇಟ್ ದೊಡ್ಡದು ಮಾಡಿಸಿ.